ಹೆಬ್ಬೆರಳಗಲದ ಹೊಳಪು

ಜೂನ್ 3, ಸೋಮವಾರ

ಬೆಳಿಗ್ಗೆಯಿಂದ ವಾಚಿನ ಕೇಸ್ ಉಜ್ಜಿದ್ದೇ ಉಜ್ಜಿದ್ದು. ಒಂದು ವಾಪಸ್ ಬಂತು. ಕೂದಲೆಳೆಯಷ್ಟು ಗೀರು ಉಳಿದಿತ್ತಂತೆ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಲೆನ್ಸ್ ಹಾಕಿ ನೋಡಿದರೆ... ಹೌದು, ಇತ್ತು. ಬಾಯಿ ಮುಚ್ಚಿಕೊಂಡು ಮತ್ತೆ ಉಜ್ಜಿ ಕೊಟ್ಟೆ.

ಊಟವಾದ ಮೇಲೆ ಪಾಲಿಶ್ ಸೆಕ್ಷನ್ನಿನ ನಮ್ಮನ್ನೆಲ್ಲ ಮೇಲಿನ ಮಹಡಿಗೆ ಕರೆದರು. ಬೈಗುಳ ಕಾದಿದೆ ಅಂದುಕೊಂಡೇ ಮೆಟ್ಟಿಲು ಹತ್ತಿದೆ. ಡಿಸೈನ್ ಮೇಡಂ ಮೇಜಿನ ಮೇಲೆ ಒಂದು ವಾಚ್ ಇಟ್ಟಿದ್ದರು. ಮೇಡಂ ಹೊಸಬರು. ನನಗೆ ಮಗಳಾಗುವ ವಯಸ್ಸು, ಆದರೆ ಮಾತಿನಲ್ಲಿ ಬಿಂಕವಿಲ್ಲ. ಕಂಚಿನ ಕೇಸ್, ಚರ್ಮದ ಪಟ್ಟಿ. ಅಚ್ಚ ಹೊಸದು. ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು.

"ಇದನ್ನ ಹಳೇದು ಮಾಡಬೇಕು," ಅಂದರು.

ನನ್ನ ಪಕ್ಕದ ಬೆಂಚಿನ ಅಕ್ಕ ಕೇಳಿದಳು. "ಅದಕ್ಕೆ ನಾವ್ಯಾಕೆ ಮೇಡಂ? ಸುಮ್ನೆ ಬಿಟ್ರೆ ತಾನೇ ಆಗುತ್ತಲ್ಲ."

ಈಗಿನವರಿಗೆ ಇಪ್ಪತ್ತು ವರ್ಷ ಕಟ್ಟಿದಂಥ ವಾಚ್ ಬೇಕಂತೆ. ಇಪ್ಪತ್ತು ವರ್ಷ ಕಟ್ಟುವ ತಾಳ್ಮೆ ಇಲ್ಲವಂತೆ. ಮೋಸವೇನೂ ಇಲ್ಲ, ಹೊಸದನ್ನೇ ಹಳೆಯದು ಮಾಡಿದ್ದೇವೆ ಎಂದು ಹೇಳಿಯೇ ಮಾರುವುದು. ಯಾರ ಸ್ಯಾಂಪಲ್ ನಿಜವಾಗಿ ಸವೆದ ಹಾಗೆ ಕಾಣುತ್ತದೋ ಅದನ್ನು ನೋಡಿಕೊಂಡು ಉಳಿದವನ್ನೆಲ್ಲ ಮಾಡುವುದು. ಗೆದ್ದವರಿಗೆ ಕಿಟಕಿ ಪಕ್ಕದ ಹೊಸ ಬೆಂಚು, ಆ ಕೆಲಸಕ್ಕೆ ಅವರೇ ಮೇಸ್ತ್ರಿ. ಸೆಪ್ಟೆಂಬರ್ ಮೊದಲ ವಾರ ಕೊಡಬೇಕು.

ಇಷ್ಟು ವರ್ಷ ಗೀರು ತೆಗೆದು ಅನ್ನ ತಿಂದವಳು ನಾನು. ಈಗ ಗೀರು ಹಾಕು ಅನ್ನುತ್ತಾರೆ. ನಗು ಬಂತು. ಆದರೆ ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ಹಳೆಯ ವಸ್ತು ನೋಡಿದ ತಕ್ಷಣ ಹಳೆಯದು ಅಂತ ನಮಗೆ ಗೊತ್ತಾಗುವುದು ಯಾವುದರಿಂದ?

ಜೂನ್ 5, ಬುಧವಾರ

ಮೊಟ್ಟೆ ತಗುಲಿದ ಬೆಳ್ಳಿ ಚಮಚ ಕಪ್ಪಾಗುವುದು ನೋಡಿದ್ದೇನೆ. ಕಂಚೂ ಕಪ್ಪಾಗಲೇಬೇಕು. ಪ್ರಯೋಗಕ್ಕೆ ಅಂತ ಮೇಡಂ ಖಾಲಿ ಕೇಸ್‌ಗಳನ್ನು ಕೊಟ್ಟಿದ್ದಾರೆ. ಬೇಯಿಸಿದ ಮೊಟ್ಟೆ ಒಡೆದು ಡಬ್ಬಿಯಲ್ಲಿಟ್ಟು, ಪಕ್ಕಕ್ಕೆ ಕೇಸನ್ನು ದಾರದಲ್ಲಿ ಇಳಿಬಿಟ್ಟು, ಮುಚ್ಚಳ ಬಿಗಿದೆ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಮನೇಲಿರೋ ಮನುಷ್ಯರಿಗೆ ಗತಿಯಿಲ್ಲ, ವಾಚಿಗೆ ಮೊಟ್ಟೆ ಬೇಯಿಸ್ತಿದಾಳೆ."

ಸಂಜೆ ತೆಗೆದು ನೋಡಿದರೆ ಕಡು ಕಂದು! ಎಷ್ಟು ಚಂದ. ಮೂಗಿಗೆ ಹಿಡಿದರೆ ಮಾತ್ರ ಬೇಡ.

ಇವರು ಸಲೂನ್ ಮುಚ್ಚಿ ಬಂದವರು ಕೇಸನ್ನು ಬೆಳಕಿಗೆ ಹಿಡಿದು ನೋಡಿದರು. "ದಿನಾ ನಾನು ಮುದುಕರಿಗೆ ಬಣ್ಣ ಹಚ್ಚಿ ಹುಡುಗರನ್ನ ಮಾಡಿ ಕಳಿಸ್ತೀನಿ. ನೀನು ಹುಡುಗನ್ನ ಹಿಡಿದು ಮುದುಕನ್ನ ಮಾಡ್ತಿದೀಯ. ಒಂದೇ ಮನೇಲಿ ಎರಡು ಅಂಗಡಿ. ನಿಂದು ನಡೆದ್ರೆ ನಂದು ಮುಚ್ಚಬೇಕಾಗುತ್ತೆ."

ನಗಿಸಿಯೇ ಊಟಕ್ಕೆ ಕೂತರು. ಸಲೂನಿಗೆ ಜನ ಕಟಿಂಗಿಗೆ ಎಷ್ಟು ಬರುತ್ತಾರೋ ಇವರ ಮಾತಿಗೂ ಅಷ್ಟೇ ಬರುತ್ತಾರೆ.

ಜೂನ್ 9, ಭಾನುವಾರ

ಇನ್ನೊಂದು ಕೇಸಿಗೆ ವಿನೆಗರ್, ಉಪ್ಪು. ಹಸಿರು ಕಿಲುಬು ಬಂತು, ಆದರೆ ಚರಂಡಿಯಿಂದ ಎತ್ತಿದ ಹಾಗೆ ಬಂತು. ಮತ್ತೊಂದನ್ನು ಬೀಗದ ಕೈಗಳ ಜೊತೆ ಬಟ್ಟೆಚೀಲಕ್ಕೆ ಹಾಕಿ ಕುಲುಕಿದೆ. ಗಲಗಲ ಸದ್ದಿಗೆ ಅತ್ತೆ ಎದ್ದು ಬಂದರು. "ಕೆಲಸವಿಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದ್ನಂತೆ," ಅಂದು ಹೋಗಿ ಮಲಗಿದರು.

ಗೀರು ಬಿದ್ದವು. ಬೇಕಾದಷ್ಟು ಬಿದ್ದವು. ಆದರೂ ಸುಳ್ಳು ಅಂತ ಕೂಗಿ ಹೇಳುತ್ತದೆ ಅದು. ಯಾಕೆ?

ಬಸ್ಸಿನಲ್ಲಿ ಈಗ ಜನರ ಮುಖ ನೋಡುವುದಿಲ್ಲ, ಮಣಿಕಟ್ಟು ನೋಡುತ್ತೇನೆ. ಕಂಡಕ್ಟರ್ ವಾಚಿಗೆ ಒಂದೇ ಬದಿ ಸವೆತ, ಕಂಬಿ ತಾಗುವ ಬದಿ. ಮೇಷ್ಟ್ರೊಬ್ಬರ ವಾಚಿನ ಬಕಲ್ ಉದ್ದುದ್ದ ಗೀಚಿಹೋಗಿತ್ತು, ಮೇಜಿಗೆ ಉಜ್ಜಿ. ತರಕಾರಿ ಮಾರುವಾಕೆಯದು ಗಾಜು ಮಸುಕು, ಕೇಸ್ ಮಾತ್ರ ನೆಟ್ಟಗಿತ್ತು. ತೊಟ್ಟಿಲ ಕೂಸಿನ ಹಾಗೆ ಸೆರಗಲ್ಲಿ ಸುತ್ತಿಕೊಂಡಿದ್ದಳು. ಸವೆಯುವುದಕ್ಕೂ ಒಂದು ಕ್ರಮವಿದೆ. ಚೀಲದಲ್ಲಿ ಕುಲುಕಿದರೆ ಎಲ್ಲ ದಿಕ್ಕಿಂದಲೂ ಏಟು ಬೀಳುತ್ತದೆ. ಹಾಗೆ ಬದುಕಿದವರು ಯಾರೂ ಇಲ್ಲ.

ಜೂನ್ 11, ಮಂಗಳವಾರ

ಮೊಟ್ಟೆಯ ಕೇಸಿಗೆ ನನ್ನ ಕೈಯಾರೆ ಸಣ್ಣ ಸಣ್ಣ ಗೀರು ಎಳೆದು ಮೇಡಂಗೆ ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿದರು.

"ಬೇಜಾರು ಮಾಡ್ಕೋಬೇಡಿ. ಇದಕ್ಕೆ ವಯಸ್ಸಾಗಿಲ್ಲ. ಕಾಯಿಲೆ ಬಿದ್ದಿದೆ."

ಕೋಪ ಬಂತು. ಬೆಂಚಿಗೆ ಬಂದು ಲೆನ್ಸ್ ಹಾಕಿ ನೋಡಿದರೆ ಮಾತು ನಿಜ. ನನ್ನ ಗೀರೆಲ್ಲ ಒಂದೇ ಓರೆ, ಒಂದೇ ಆಳ. ಪಾಲಿಶ್ ಮಾಡುವವಳ ಕೈ. ಬೇಕಂತ ತಪ್ಪು ಮಾಡು ಅಂದರೂ ತಪ್ಪನ್ನು ನೀಟಾಗಿ ಮಾಡುತ್ತದೆ. ಅಕ್ಕನಿಗೆ ತೋರಿಸಿದೆ. ಹೊಟ್ಟೆ ಹಿಡಿದು ನಕ್ಕಳು.

"ಕೈಯಲ್ಲಿ ಆಗದ ಕೆಲಸ ಗಂಡನಿಗೆ ಕೊಡು. ಕೆಡಿಸೋದ್ರಲ್ಲಿ ಅವರನ್ನ ಮೀರಿಸೋರಿಲ್ಲ."

ತಮಾಷೆಗೆ ಅಂದಳು. ಆದರೆ ಹೌದಲ್ಲ. ಸೆಪ್ಟೆಂಬರ್‌ವರೆಗೆ ಒಬ್ಬರು ಬಿಚ್ಚದೆ ಕಟ್ಟಿಕೊಂಡರೆ? ಬೆವರು, ನೀರು, ಸೋಪು, ಹೇರ್ ಡೈ... ಸಲೂನಿಗಿಂತ ಬೇರೆ ಜಾಗ ಬೇಕೆ?

ಜೂನ್ 17, ಸೋಮವಾರ

ಇವರಿಗೆ ಸಲೂನ್ ರಜೆ. ಬೆಳಿಗ್ಗೆ ನಾನು ಹೊರಡುವ ಮುಂಚೆ ವಾಚ್ ಕೈಗಿಟ್ಟೆ. ಮೇಡಂ ಹತ್ತಿರ ಕೇಳಿ ತಂದದ್ದು, ಮೆಷಿನ್ ಕೂರಿಸಿದ, ಯಾರೂ ಮುಟ್ಟದ, ಹೊಸ ವಾಚ್.

"ಕೆಲಸದ ಹೊತ್ತಲ್ಲಿ ನಾನು ವಾಚ್ ಕಟ್ಟಲ್ಲ, ಗೊತ್ತಲ್ಲ ನಿಂಗೆ."

"ಗೊತ್ತು. ಈಗ ಕಟ್ಟಿ. ನನಗೋಸ್ಕರ."

"ಬಲಗೈಗೆ ಕಟ್ಕೊಳ್ಳಲಾ?"

ಬಲಗೈಯಲ್ಲಿ ಕತ್ತರಿ ಹಿಡಿಯುವ ಮನುಷ್ಯ ಬಲಗೈಗೆ ವಾಚ್ ಕಟ್ಟಿಕೊಳ್ಳುವುದುಂಟೇ. ಸುಮ್ಮನೆ ಎಡಗೈ ಕೊಡಿ ಅಂದೆ. ಕೊಟ್ಟರು, ಬಲಗೈಯಿಂದ ಎಡಗೈಯನ್ನು ಕೆಳಗಿಂದ ಹಿಡಿದು ಎತ್ತಿ ಕೊಟ್ಟರು. ಒಳ್ಳೆ ಮದುಮಗನ ಗತ್ತು. ನಾನೇ ಬಕಲ್ ಹಾಕಿದೆ.

"ಸ್ನಾನಕ್ಕೂ ಬಿಚ್ಚಬಾರದು. ಮಲಗುವಾಗಲೂ."

"ತಾಳಿನಾದ್ರೂ ಇಷ್ಟು ಬಿಗಿಯಾಗಿ ಕಟ್ಟಿರಲಿಲ್ಲ ನಾನು," ಅಂದರು.

ಜೂನ್ 30, ಭಾನುವಾರ. ಬೆಳಿಗ್ಗೆ ಆರು

ಇವರು ಏಳುವ ಮುಂಚೆ ಲೆನ್ಸ್ ಹಾಕಿ ವಾಚ್ ನೋಡುವುದು ಈಗ ನನ್ನ ಭಾನುವಾರದ ಕೆಲಸ. ಎಚ್ಚರವಿದ್ದಾಗ ಕೈ ಕೊಡುವುದಿಲ್ಲ. "ಆಮೇಲೆ, ಆಮೇಲೆ" ಅನ್ನುತ್ತಾರೆ. ನಿದ್ದೆಯಲ್ಲಿ ಕೈ ಹೊದಿಕೆಯ ಮೇಲೆ ಅಲುಗಾಡದೆ ಬಿದ್ದಿರುತ್ತದೆ, ಬೇಕಾದಷ್ಟು ನೋಡಬಹುದು.

ಏನೆಲ್ಲ ಆಗಿದೆ! ಕಂಚು ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ. ಪಟ್ಟಿ ಸೇರುವ ಮೂಲೆಯಲ್ಲಿ ಹೆಚ್ಚು ಕಪ್ಪು, ಅಲ್ಲಿ ಬೆವರು ನಿಲ್ಲುತ್ತದೆ. ಕತ್ತರಿಯ ತುದಿ ತಾಗಿದ ಚುಕ್ಕಿಗಳು ಮೇಲಂಚಿಗೆ ಮಾತ್ರ. ಪಟ್ಟಿಗೆ ಒಂದು ಹನಿ ಹೇರ್ ಡೈ. ಕೇಸಿನ ಸಂದಿಯಲ್ಲಿ ಯಾರ್‍ಯಾರದೋ ಕೂದಲಿನ ಪುಡಿ. ಇಷ್ಟು ಸತ್ಯವಾದ ಕೆಲಸ ನನ್ನ ಕೈಯಿಂದ ಯಾವ ಜನ್ಮಕ್ಕೂ ಆಗುತ್ತಿರಲಿಲ್ಲ. ಖುಷಿಯಿಂದ ನಕ್ಕುಬಿಟ್ಟೆ. ಇವರಿಗೆ ಎಚ್ಚರವಾಯಿತು. ಕೈ ಸರ್ರನೆ ಹೊದಿಕೆಯೊಳಗೆ ಹೋಯಿತು.

ಜುಲೈ 14, ಭಾನುವಾರ

ನಿನ್ನೆ ಪಕ್ಕದ ಬೆಂಚಿನ ಅಕ್ಕ ಒಂದು ಸುದ್ದಿ ತಂದಳು. ಅವಳ ಯಜಮಾನರು ಶೇವಿಂಗಿಗೆ ಅಂತ ನಮ್ಮ ಸಲೂನಿಗೆ ಹೋಗಿದ್ದರಂತೆ. "ಶೇವಿಂಗ್ ನಿಲ್ಲಿಸಿದೀನಿ" ಅಂದರಂತೆ ಇವರು. ನನಗೇ ಗೊತ್ತಿಲ್ಲ.

ಊಟದ ಹೊತ್ತಿಗೆ ಕೇಳಿದೆ. "ಈಗ ಯಾರು ಅಂಗಡಿಗೆ ಬಂದು ಶೇವ್ ಮಾಡಿಸ್ತಾರೆ? ಎಲ್ಲರ ಮನೇಲೂ ಟ್ರಿಮ್ಮರ್ ಇದೆ," ಅಂದರು. ಸರಿಯಾದ ಮಾತೇ. ಆದರೆ ಬಂದವರನ್ನು ವಾಪಸ್ ಕಳಿಸುವವರಲ್ಲ ಇವರು. ಊಟ ಮುಗಿಸಿ ಎದ್ದು ಬಾಗಿಲ ಬಳಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಈಚೆಗೆ ಹಾಗೇ ನಿಲ್ಲುತ್ತಾರೆ. "ಏನು ಹೆಡ್ ಮಾಸ್ಟರ್ ಆಗಿಬಿಟ್ರಾ?" ಅಂದೆ. "ಹೂಂ, ನಿನ್ನ ಹಾಜರಿ ಹಾಕೋಕೆ," ಅಂದರು.

ಜುಲೈ 21, ಭಾನುವಾರ

ವಾಚಿನ ಒಂದು ಪಕ್ಕ, ಕೆಳಗಡೆ, ಹೊಳಪು ಕಂಡಿತು. ಸುತ್ತ ಕಪ್ಪಗಾಗಿದೆ, ಅದೊಂದು ಜಾಗ ಮಾತ್ರ ಹೊಸ ಕಂಚಿನ ಹಾಗೆ. ಎದುರು ಪಕ್ಕ ಇನ್ನೂ ಮೂರು, ಚಿಕ್ಕವು, ಒಂದರ ಪಕ್ಕ ಒಂದು. ಏನು ತಾಗಿದರೆ ಹೀಗಾಗುತ್ತದೆ? ಕುರ್ಚಿಯ ಬೆನ್ನೆ? ಬಾಚಣಿಗೆಯೆ? ಬಟ್ಟೆಯ ಉಜ್ಜಾಟವಾದರೆ ಎಳೆಗಳ ಗುರುತಿರಬೇಕು. ಇಲ್ಲಿ ಒಂದೂ ಇಲ್ಲ. ನುಣ್ಣಗಿದೆ. ಹಳೆಯ ಬಾಗಿಲ ಹಿಡಿ ಹೀಗೆ ಹೊಳೆಯುತ್ತದೆ...

ನೋಡೋಣ.

ಆಗಸ್ಟ್ 25, ಭಾನುವಾರ

ತಿಂಗಳಾಯಿತು ಬರೆಯದೆ. ದೊಡ್ಡ ಆರ್ಡರು, ದಿನಾ ಓವರ್‌ಟೈಮು. ಬಂದು ಬಿದ್ದರೆ ಬೆಳಗಾಗಿರುತ್ತದೆ. ಇವರೂ ಮಾತು ಕಡಿಮೆ ಮಾಡಿದ್ದಾರೆ. ಅಥವಾ ಕೇಳಿಸಿಕೊಳ್ಳಲು ನನಗೆ ಪುರುಸೊತ್ತಿಲ್ಲವೋ ಏನೋ.

ಹೊಳಪು ಇನ್ನೂ ಇದೆ. ಸುತ್ತಲಿನದು ಕಪ್ಪಾದಷ್ಟೂ ಅದು ಎದ್ದು ಕಾಣುತ್ತದೆ.

ಸೆಪ್ಟೆಂಬರ್ 1, ಭಾನುವಾರ

ವಾಚ್ ಬಿಚ್ಚಿಸಿಕೊಂಡೆ. ಬಿಡುಗಡೆ ಆಯಿತು ಅಂತ ಕುಣಿಯುತ್ತಾರೆ ಅಂದುಕೊಂಡಿದ್ದೆ. ಇವರು ಖಾಲಿ ಮಣಿಕಟ್ಟನ್ನು ಬಲಗೈಯಲ್ಲಿ ಮುಚ್ಚಿಕೊಂಡರು. "ಇನ್ನೂ ನಾಲ್ಕು ದಿನ ಇರಲಿ ಅಂದ್ರೆ ಆಗಲ್ವಾ? ಅಭ್ಯಾಸ ಆಗಿಹೋಗಿದೆ."

ಆಗುವುದಿಲ್ಲ, ನಾಳೆ ಕೊಡಬೇಕು ಅಂದೆ. ಸರಿ ಅಂತ ಸಲೂನಿಗೆ ಹೋದರು. ಕೈ ಪ್ಯಾಂಟಿನ ಜೇಬಿನಲ್ಲಿತ್ತು.

ಸೆಪ್ಟೆಂಬರ್ 2, ಸೋಮವಾರ

ಗೆದ್ದೆ.

ಮೇಡಂ ಎಲ್ಲರ ಸ್ಯಾಂಪಲ್ಲುಗಳನ್ನೂ ಸಾಲಾಗಿ ಇಟ್ಟು, ನನ್ನದನ್ನು ಎತ್ತಿಕೊಂಡವರು ಕೆಳಗಿಡಲೇ ಇಲ್ಲ. "ಈ ಹೊಳಪು ನೋಡಿ! ಒಂದು ಕಡೆ ಒಂದು, ಆ ಕಡೆ ಮೂರು. ಇದರಿಂದಾನೇ ಇದಕ್ಕೆ ಜೀವ ಬಂದಿದೆ. ಹೇಗೆ ಮಾಡಿದ್ರಿ?"

"ಕಟ್ಟಿಸಿದ್ದು ಮೇಡಂ. ಮನೆಯವರ ಕೈಗೆ."

"ಅದು ಗೊತ್ತು. ಈ ಹೊಳಪು ಹೇಗೆ ಬಂತು?"

ಗೊತ್ತಿಲ್ಲ ಅಂದೆ. ಗೊತ್ತು ಮಾಡಿಕೊಳ್ಳಿ, ಅಂದರು. ಮೊದಲ ಸಲಕ್ಕೆ ಐನೂರು ವಾಚು. ಐನೂರಕ್ಕೂ ಅದೇ ಜಾಗದಲ್ಲಿ ಅದೇ ಹೊಳಪು ಬರಬೇಕು. ಯಾವುದರಿಂದ ಉಜ್ಜಬೇಕು, ಎಷ್ಟು ಒತ್ತಬೇಕು, ನಾನೇ ಎಲ್ಲರಿಗೂ ಕಲಿಸಬೇಕು.

ಕಿಟಕಿಯ ಪಕ್ಕದ ಬೆಂಚನ್ನು ಒಮ್ಮೆ ಮುಟ್ಟಿ ಬಂದೆ. ಸಂತೋಷವಾಗಿದೆ ಅಂತ ಬರೆದುಕೊಳ್ಳಲು ನಾಚಿಕೆಯೇನು. ತುಂಬ ಸಂತೋಷವಾಗಿದೆ.

ಸೆಪ್ಟೆಂಬರ್ 3, ಮಂಗಳವಾರ

ತೊಗಲಿನ ಚೂರಿನಿಂದ ಉಜ್ಜಿದೆ, ಹತ್ತಿಯಿಂದ ಉಜ್ಜಿದೆ, ರಬ್ಬರಿನಿಂದ ಉಜ್ಜಿದೆ. ಯಾವುದೂ ಆ ಹೊಳಪಲ್ಲ. ಬೇಸತ್ತು ಬರಿಯ ಹೆಬ್ಬೆರಳಿನಿಂದ ಉಜ್ಜಿದೆ. ಬಂತು. ಅದೇ.

ಚರ್ಮ. ಮನುಷ್ಯರ ಚರ್ಮ.

ಸ್ಯಾಂಪಲ್ಲನ್ನು ನನ್ನ ಎಡಗೈಗೇ ಕಟ್ಟಿಕೊಂಡೆ. ಆ ದೊಡ್ಡ ಹೊಳಪಿನ ಮೇಲೆ ಬಲಗೈ ಹೆಬ್ಬೆರಳಿಟ್ಟೆ. ಸರಿಯಾಗಿ ಕೂತಿತು. ಉಳಿದ ಬೆರಳುಗಳು ತಾವಾಗಿಯೇ ಆ ಕಡೆ ಇಳಿದು ಮೂರು ಚಿಕ್ಕ ಹೊಳಪಿನ ಮೇಲೆ ಕೂತವು. ಇವರ ಬೆರಳು ದಪ್ಪ, ನನ್ನವು ಸಣ್ಣ, ಅಷ್ಟೇ ವ್ಯತ್ಯಾಸ. ಇವರು ತಮ್ಮ ಎಡಗೈಯನ್ನು ತಾವೇ ಹಿಡಿದುಕೊಂಡಿದ್ದಾರೆ. ಒಂದು ಸಲ, ಎರಡು ಸಲವಲ್ಲ. ಕಂಚಿಗೆ ಕಪ್ಪು ಕೂರಲು ಬಿಡುವು ಕೊಡದಷ್ಟು ಹೊತ್ತು. ಗಟ್ಟಿಯಾಗಿ.

ಯಾಕೆ?

ನೋವಿದೆಯೆ? ಇದ್ದಿದ್ದರೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. ಉಳುಕೆ? ಜೂನ್‌ನಿಂದ ಈವರೆಗೆ ಯಾವ ಉಳುಕು ಇರುತ್ತದೆ. ಸುಮ್ಮನೆ ಅಭ್ಯಾಸವೆ? ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರಲ್ಲ, ಅದೇ ಇರಬೇಕು. ಅದೇ. ಆದರೆ ಹೆಡ್ ಮಾಸ್ಟರ್ ಗತ್ತಿಗೆ ಇಷ್ಟು ಬಿಗಿಯಾಗಿ ಯಾರು ಹಿಡಿದುಕೊಳ್ಳುತ್ತಾರೆ?

ಸೆಪ್ಟೆಂಬರ್ 5, ಗುರುವಾರ

ಅತ್ತೆಯ ಜೊತೆ ಬಟ್ಟೆ ಮಡಿಸುತ್ತ ಸುಮ್ಮನೆ ಅಂದೆ. "ನಿಮ್ಮ ಮಗ ಈಗೀಗ ಕೈ ಹಿಂದೆ ಕಟ್ಕೊಂಡೇ ನಿಂತಿರ್ತಾರೆ, ನೋಡಿದೀರಾ?"

"ಅವರಪ್ಪನೂ ಹಾಗೇ ನಿಲ್ತಿದ್ರು," ಅಂದರು ಅತ್ತೆ. "ಕೈ ನಡುಗೋಕೆ ಶುರುವಾದಾಗ. ಯಾರಿಗೂ ಕಾಣಬಾರದು ಅಂತ."

ಹೇಳಿ, ದುಪ್ಪಟಿಯ ಎರಡು ಮೂಲೆ ಹಿಡಿದು ನನ್ನ ಕಡೆ ಚಾಚಿದರು. ಅವರ ಮುಖದಲ್ಲಿ ಏನೂ ಇರಲಿಲ್ಲ. ಹಳೆಯ ಮಾತೊಂದು ಬಾಯಿಗೆ ಬಂತು, ಆಡಿದರು, ಅಷ್ಟೇ. ನನಗೆ ಮಾತ್ರ ದುಪ್ಪಟಿಯ ಮೂಲೆ ಸಿಗಲಿಲ್ಲ.

ಮಾವನವರ ಕೊನೆಯ ವರ್ಷಗಳನ್ನು ನೋಡಿದವಳು ನಾನು. ಮೊದಲು ಒಂದು ಕೈ. ಆಮೇಲೆ ಇನ್ನೊಂದು. ಆಮೇಲೆ ನಡಿಗೆ. ತುತ್ತು ಬಾಯಿಯವರೆಗೆ ಹೋಗುತ್ತಿರಲಿಲ್ಲ, ನಾನೇ ತಿನ್ನಿಸುತ್ತಿದ್ದೆ. ಪ್ರತಿ ತುತ್ತಿಗೂ ತಲೆ ತಗ್ಗಿಸುತ್ತಿದ್ದರು ಪಾಪ, ಸೊಸೆಯ ಕೈಯಲ್ಲಿ ತಿನ್ನಬೇಕಾಯಿತಲ್ಲ ಅಂತ.

ಶೇವಿಂಗ್ ನಿಲ್ಲಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತು. ಒಬ್ಬರ ಕೊರಳ ಮೇಲೆ ಬ್ಲೇಡ್ ಇಡಬೇಕಾದರೆ ಚರ್ಮ ಎಳೆದು ಹಿಡಿಯುವುದು ಎಡಗೈಯೇ. ಬಲಗೈಗೆ ಕಟ್ಟಿಕೊಳ್ಳಲಾ ಅಂದದ್ದು, ಕೈಯನ್ನು ಕೆಳಗಿಂದ ಎತ್ತಿ ಕೊಟ್ಟದ್ದು... ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಬಸ್ಸಿನಲ್ಲಿ ಇದ್ದಬದ್ದವರ ಮಣಿಕಟ್ಟೆಲ್ಲ ನೋಡಿದೆ ನಾನು.

ಅಥವಾ ನನ್ನ ಊಹೆ ತಪ್ಪಿರಬಹುದು. ತಪ್ಪಿರಲಿ ದೇವರೇ.

ಸೆಪ್ಟೆಂಬರ್ 8, ಭಾನುವಾರ

ನೋಡಿ ಬಂದೆ.

ಹೇಳದೆ ಹೋದೆ. ಸಲೂನಿನ ಎದುರಿಗೆ ಔಷಧಿ ಅಂಗಡಿಯ ನೆರಳಲ್ಲಿ ನಿಂತರೆ ಗಾಜಿನೊಳಗೆ ಎಲ್ಲ ಕಾಣುತ್ತದೆ. ಕುರ್ಚಿಯಲ್ಲಿ ಒಬ್ಬ ಹಿರಿಯರು. ಇವರು ಏನೋ ಹೇಳಿ ಅವರನ್ನು ನಗಿಸುತ್ತಿದ್ದರು. ಎಡಗೈ ಬೆನ್ನ ಹಿಂದೆ, ಬಲಗೈ ಅದನ್ನು ಹಿಡಿದು. ಆಮೇಲೆ ಬಲಗೈ ಕತ್ತರಿ ತೆಗೆದುಕೊಳ್ಳಬೇಕಾಯಿತು. ಎಡಗೈಯನ್ನು ಬಿಟ್ಟರು.

ನಡುಗಿತು. ಅದರಲ್ಲಿದ್ದ ಬಾಚಣಿಗೆ ಗಡಗಡ ಅಲುಗಿತು. ಇಷ್ಟು ದೂರದಿಂದಲೂ ಕಂಡಿತು.

ತಕ್ಷಣ ಆ ಕೈಯನ್ನು ಗಿರಾಕಿಯ ತಲೆಯ ಮೇಲೆ ಇಟ್ಟರು. ಆಶೀರ್ವಾದ ಮಾಡುವವರ ಹಾಗೆ, ಮೆತ್ತಗೆ. ನಡುಕ ನಿಂತಿತು. ಬಾಚಣಿಗೆ ಬುರುಡೆಗೆ ಒರಗಿಕೊಂಡಿತು, ಕತ್ತರಿ ಅದರ ಮೇಲೆ ಓಡಿತು. ತಲೆಯ ಒಂದು ಬದಿಯಿಂದ ಇನ್ನೊಂದಕ್ಕೆ ಕೈ ದಾಟಿಸುವಾಗ ಮಾತ್ರ ಅಷ್ಟು ಹೊತ್ತು ಮತ್ತೆ ನಡುಕ. ಆಗ ಒಂದು ಜೋಕು ಹೊಡೆಯುತ್ತಾರೆ, ಗಿರಾಕಿ ನಗುತ್ತಾ ಕಣ್ಣು ಮುಚ್ಚುತ್ತಾರೆ. ಜೋಕು, ಕೈ, ಕತ್ತರಿ. ಎಷ್ಟು ಅಭ್ಯಾಸ ಮಾಡಿರಬೇಕು. ಕೆಲಸದವಳಾಗಿ ನೋಡುತ್ತ ನಿಂತೆ, ಮೆಚ್ಚುತ್ತ ನಿಂತೆ. ಕಟಿಂಗ್ ಮುಗಿಯಿತು, ಒಂದು ಕೂದಲು ಹೆಚ್ಚುಕಮ್ಮಿ ಇಲ್ಲ. ಹಿರಿಯರು ಕನ್ನಡಿ ನೋಡಿ ತೃಪ್ತಿಯಿಂದ ಎದ್ದರು.

ಒಳಗೆ ಹೋಗಲಿಲ್ಲ. ದಾರಿಯುದ್ದಕ್ಕೂ ಸಿಟ್ಟು. ಇಷ್ಟು ವರ್ಷ ಒಂದೇ ತಟ್ಟೆ ಒಂದೇ ಲೋಟ ಅಂತ ಬದುಕಿದ್ದೇವೆ. ನನಗೆ ಹೇಳದೆ ಒಂದು ಕಂಚಿನ ತುಣುಕಿಗೆ ಹೇಳಿದ್ದಾರೆ.

ಸೆಪ್ಟೆಂಬರ್ 10, ಮಂಗಳವಾರ

ಕಿಟಕಿ ಬೆಂಚಿನಲ್ಲಿ ಐನೂರರ ಮೊದಲ ಟ್ರೇ. ಕಪ್ಪು ಮಾಡಿದ ಕೇಸ್‌ಗಳು. ಹೆಬ್ಬೆರಳಿನಿಂದ ಮೊದಲನೆಯದನ್ನು ಉಜ್ಜಿದೆ. ಹೊಳಪು ಮೂಡಿತು. ಎರಡನೆಯದನ್ನು ಎತ್ತಿಕೊಂಡೆ. ಯಾರೋ ಕಾಣದವರ ಕೈಗೆ ಹೋಗುತ್ತದೆ ಇದು. ಅವರು ನೆಂಟರಿಗೆ ತೋರಿಸುತ್ತಾರೆ, ನೋಡಿ ಎಷ್ಟು ನಿಜವಾಗಿದೆ ಅಂತ. ಇವರು ಯಾರಿಗೂ ಕಾಣಬಾರದು ಅಂತ ಹಿಡಿದ ಹಿಡಿತ, ಐನೂರು ಮಣಿಕಟ್ಟಿನ ಮೇಲೆ.

ನನ್ನಿಂದ ಆಗಲಿಲ್ಲ. ಎರಡನೆಯದನ್ನು ಟ್ರೇಗೆ ವಾಪಸ್ ಇಟ್ಟೆ.

ಸ್ಯಾಂಪಲ್ಲನ್ನು ಮನೆಗೆ ತಂದು, ಬಿಚ್ಚಿ, ಮೊಟ್ಟೆಯ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಸೆಪ್ಟೆಂಬರ್ 12, ಗುರುವಾರ

ಹೊಳಪು ಮುಚ್ಚಿಹೋಯಿತು. ವಾಚು ಈಗ ಎಲ್ಲ ಕಡೆಯೂ ಒಂದೇ ಕಂದು.

ಮೇಡಂ ಬಹಳ ಹೊತ್ತು ನೋಡಿದರು. "ಏನು ಮಾಡಿದ್ರಿ ಇದಕ್ಕೆ? ಜೀವಾನೇ ಹೋಯ್ತಲ್ಲ."

"ಅದು ಕೊಡೋಕಾಗಲ್ಲ ಮೇಡಂ. ಅದು ನಮ್ಮನೆ ವಿಷಯ."

ನನ್ನ ಮುಖ ನೋಡಿದರು, ಮುಂದೆ ಕೇಳಲಿಲ್ಲ. ಒಳ್ಳೆಯ ಹುಡುಗಿ. ಅಕ್ಕನ ಸ್ಯಾಂಪಲ್ಲಿನಂತೆ ಮಾಡೋಣ ಅಂದರು. ಅವಳದು ಮೇಜಿಗೆ ಉಜ್ಜಿದ ಗೀರು, ಕಲಿಸುವುದೂ ಸುಲಭ. ಬೆಂಚೂ ಅವಳಿಗೇ. ಅವಳಿಗೆ ನನ್ನ ಮುಖ ನೋಡಲು ಸಂಕೋಚ. ಹೋಗೇ, ಕೂತ್ಕೊ, ಬಿಸಿಲು ಚೆನ್ನಾಗಿ ಬರುತ್ತೆ ಅಂತ ನಾನೇ ದಬ್ಬಿ ಕೂರಿಸಿದೆ. ಹೊಟ್ಟೆ ಉರಿಯಲಿಲ್ಲವೆ? ಉರಿಯಿತು.

ಸಂಜೆ ಬಸ್ಸಿನಲ್ಲಿ ಹೊಳೆಯಿತು. ಇವರು ಮುಚ್ಚಿಟ್ಟರು ಅಂತ ಉರಿದುಬಿದ್ದವಳು ನಾನು. ನಾನು ಮಾಡಿದ್ದೂ ಅದನ್ನೇ. ಗೊತ್ತಾಗಿ ನಾಲ್ಕು ದಿನ ಕಳೆದರೂ ಇವರ ಮುಂದೆ ಬಾಯಿ ಬಿಟ್ಟಿಲ್ಲ. ಹೇಗೆ ಬಿಡಲಿ? ಕೇಳಿದರೆ ನಕ್ಕು ಹಾರಿಸಿಬಿಡುತ್ತಾರೆ. ಜೋಕಿಗೆ ಸಿಗದ ಜಾಗದಲ್ಲಿ ಹಿಡಿಯಬೇಕು ಇವರನ್ನು. ಡಾಕ್ಟರ ಹತ್ತಿರ ಹೋಗಿದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ತಡ ಮಾಡಿದಷ್ಟೂ ಕೈ ಹೋಗುತ್ತದೆ. ಮಾವನವರಿಗೆ ಡಾಕ್ಟರು ಹೇಳಿದ್ದು ಅದೇ, ತಡ ಮಾಡಿದಿರಿ ಅಂತ.

ಸೆಪ್ಟೆಂಬರ್ 16, ಸೋಮವಾರ. ಬೆಳಿಗ್ಗೆ ಹನ್ನೊಂದು

ರಜೆ ಹಾಕಿದೆ. ಇವರಿಗೂ ರಜೆ. ಹಿತ್ತಿಲಲ್ಲಿ ಸ್ಟೂಲು ಹಾಕಿ ಕೂತು, ಕೂದಲು ಬಿಚ್ಚಿ, ಭುಜದವರೆಗೆ ಕತ್ತರಿಸಿ ಅಂದೆ.

"ಇದ್ದಕ್ಕಿದ್ದ ಹಾಗೆ ಏನು ಬಂತು ನಿಂಗೆ?"

"ಸಾಕಾಗಿದೆ ಈ ಜಡೆ ಹೊತ್ತು."

"ನಾಳೆ ನೋಡೋಣ."

"ಇವತ್ತೇ. ಊರಿಗೆಲ್ಲ ಕತ್ತರಿಸ್ತೀರ, ಹೆಂಡತಿಗೆ ಆಗಲ್ವಾ?"

ಬಾಗಿಲಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಂತರು. ಆಮೇಲೆ ಒಳಗೆ ಹೋಗಿ ಕತ್ತರಿ ತಂದರು. ನನ್ನ ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಜೋಕು ಹೇಳಲಿಲ್ಲ. ಎಡಗೈ ನನ್ನ ತಲೆಯ ಮೇಲೆ ಇಳಿಯಿತು. ನಡುಕ ನೆತ್ತಿಯೊಳಗೆಲ್ಲ ಇಳಿಯಿತು, ಮೆಲ್ಲಗೆ ನಿಂತಿತು. ಬಲಗಡೆ ಒಂದೊಂದೇ ಎಳೆ ಕತ್ತರಿಸುತ್ತ ಬಂದರು. ಮೊಣಕಾಲ ಮೇಲೆ ಕೂದಲು ಬೀಳುತ್ತಿತ್ತು.

"ತಲೆ ಮೇಲೆ ಇಟ್ರೆ ನಿಲ್ಲುತ್ತೆ, ಅಲ್ವಾ?" ಅಂದೆ.

ಕತ್ತರಿ ನಿಂತಿತು.

"ಯಾರು ಹೇಳಿದ್ರು?"

"ವಾಚು."

ಕೈ ತೆಗೆಯಲಿಲ್ಲ. ನಾನು ತಿರುಗಲಿಲ್ಲ. ಮುಖ ನೋಡಿದರೆ ಏನಾದರೂ ಒಂದು ತಮಾಷೆ ಮಾಡಿಬಿಡುತ್ತಾರೆ ಅಂತ ಭಯ.

"ಯಾವಾಗಿಂದ?"

"ಹೋದ ವರ್ಷದಿಂದ."

"ಡಾಕ್ಟರಿಗೆ ತೋರಿಸಿದ್ರಾ?"

"ಇಲ್ಲ. ಅವರು ಹೇಳೋದು ನಂಗೆ ಗೊತ್ತಲ್ಲ."

"ನಂಗ್ಯಾಕೆ ಹೇಳಲಿಲ್ಲ?"

ನನ್ನ ಭುಜದ ಮೇಲಿನ ಕೂದಲನ್ನು ಊದಿ ಕೆಡವಿದರು.

"ಅಪ್ಪಂಗೆ ನೀನೇ ತಿನ್ನಿಸ್ದೆ," ಅಂದರು. "ಮುಖ ಸಿಂಡರಿಸದೆ ಮಾಡಿದೆ. ಮತ್ತೆ ಅದೇ ಕೆಲಸಾನ ನಿನ್ನ ಕೈಗೇ ಹೇಗೆ ಕೊಡಲಿ ಅಂತ... ಬಾಯಿ ಬರಲಿಲ್ಲ ಕಣೆ."

ಅತ್ತುಬಿಟ್ಟೆ. ಇವರೂ. ಅಳುವಾಗ ಮತ್ತೆ ಕೈ ನಡುಗಿತು, ನನ್ನ ತಲೆಯೂ ಜೊತೆಗೆ. ಅತ್ತೆ ಹೊರಗೆ ಬಂದು, ನನ್ನ ಕೂದಲು ನೋಡಿ, ಅದಕ್ಕೇ ಅಳುತ್ತಿದ್ದೇನೆ ಅಂದುಕೊಂಡು, "ಬೆಳೆಯುತ್ತೆ ಬಿಡೇ, ಕೂದಲು ತಾನೆ," ಅಂತ ಸಮಾಧಾನ ಮಾಡಿದರು. ಅವರಿಗೆ ಸಂಜೆ ಹೇಳಬೇಕು. ಇಬ್ಬರೂ ಸೇರಿ.

ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ. ಒಪ್ಪಿದ್ದಾರೆ. ಈಗಲೇ ಹೋಗೋಣ ಅಂದೆ, ಅದಕ್ಕೆ ಮಾತ್ರ ಒಪ್ಪಲಿಲ್ಲ. "ಮೊದಲು ಇದನ್ನ ಮುಗಿಸ್ತೀನಿ. ಇಷ್ಟು ವರ್ಷದಲ್ಲಿ ಅರ್ಧ ಕತ್ತರಿಸಿ ಯಾರನ್ನೂ ಎಬ್ಬಿಸಿ ಕಳಿಸಿಲ್ಲ ನಾನು."

ಮುಖ ತೊಳೆಯಲು ಒಳಗೆ ಬಂದೆ. ಕನ್ನಡಿಯಲ್ಲಿ ನೋಡಿದರೆ ಬಲಗಡೆ ಭುಜದವರೆಗೆ, ಎಡಗಡೆ ಸೊಂಟದವರೆಗೆ. ಭುಜದ ಕಡೆಯದು ನೂಲು ಹಿಡಿದು ಕತ್ತರಿಸಿದ ಹಾಗಿದೆ. ಒಂದು ಕೂದಲು ಹೆಚ್ಚುಕಮ್ಮಿ ಇಲ್ಲ. ಮರೆಯುವ ಮುಂಚೆ ಬರೆದಿಡೋಣ ಅಂತ ಹೀಗೇ ಕೂತಿದ್ದೇನೆ. ಹಿತ್ತಿಲಿಂದ ಕತ್ತರಿಯ ಸದ್ದು. ಗಾಳಿಯಲ್ಲೇ ಆಡಿಸುತ್ತಿದ್ದಾರೆ. ಕರೆಯುತ್ತಿದ್ದಾರೆ. ಬಂದೆ ಅಂದೆ. ಇನ್ನೊಂದು ಬದಿ ಬಾಕಿಯಿದೆ.